ನಡುವೆ ಒಂದು ಸ್ನಾನವಿರುವ ಟಿಕೆಟ್

ಅಗ್ಗದ ರೈಲು ಟಿಕೆಟ್ ಹುಡುಕುವುದು ನನಗೊಂದು ಚಟ. ಬೇರೆ ಹೆಂಗಸರು ಸೀರೆ ಅಂಗಡಿಯ ಗಾಜಿನ ಮುಂದೆ ನಿಲ್ಲುವ ಹಾಗೆ ನಾನು ಫೋನಿನಲ್ಲಿ ಗಾಡಿಗಳ ಪಟ್ಟಿ ತೆರೆದುಕೊಂಡು ಕೂರುತ್ತೇನೆ. ಎಲ್ಲಿಗೂ ಹೋಗುವುದಿಲ್ಲದಿದ್ದರೂ ಸರಿಯೇ. ಯಾವ ಗಾಡಿಗೆ ದರ ಕಡಿಮೆ, ಯಾವುದು ಸುತ್ತಿ ಬಳಸಿ ಹೋಗುತ್ತದೆ, ಯಾವುದರಲ್ಲಿ ಸೀಟು ತುಂಬಿದಷ್ಟೂ ರೇಟು ಏರುತ್ತದೆ, ಇದೆಲ್ಲ ನೋಡುತ್ತಾ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ. ಚಂದ್ರಾ ಲೇಔಟಿನ ನಮ್ಮ ಬೀದಿಯಲ್ಲಿ ಯಾರೇ ಊರಿಗೆ ಹೊರಟರೂ ನಮ್ಮ ಗೇಟಿನ ಹತ್ತಿರ ಬಂದು "ಆಂಟಿ, ಸ್ವಲ್ಪ ನೋಡ್ಕೊಡಿ" ಅನ್ನುತ್ತಾರೆ. ನೋಡಿಕೊಡುತ್ತೇನೆ, ಜೊತೆಗೆ ಎರಡು ಮಾತು ಬೈಯುತ್ತೇನೆ. ನಾಳೆ ಹೊರಡುವವರು ಇವತ್ತು ಬಂದು ಕೇಳಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ನಮ್ಮ ಯಜಮಾನರಿಗೆ ಇದೊಂದು ತಮಾಷೆ. ಒಮ್ಮೆ ಪುರಿಗೆ ಹೋಗುವಾಗ ನಾನು ಬಹಳ ಹೆಮ್ಮೆಯಿಂದ ಎಲ್ಲಕ್ಕಿಂತ ಅಗ್ಗದ ಗಾಡಿ ಹಿಡಿದೆ. ಅದು ಹೊರಡುವುದು ಊರಿನ ಆ ತುದಿಯ ಬೈಯಪ್ಪನಹಳ್ಳಿ ಟರ್ಮಿನಲ್‌ನಿಂದ, ಅದೂ ಬೆಳಗಿನ ಜಾವ, ಮೆಟ್ರೊ ಓಡಾಟ ಶುರುವಾಗುವ ಮುಂಚೆ. ಟಿಕೆಟ್‌ನಲ್ಲಿ ಉಳಿಸಿದ್ದನ್ನೆಲ್ಲ ಆಟೊದವನು ನಗುನಗುತ್ತಾ ಇಸಿದುಕೊಂಡ. ಅಂದಿನಿಂದ ನಾನು ಯಾವ ಟಿಕೆಟ್‌ನ ಸುದ್ದಿ ಎತ್ತಿದರೂ ಇವರು, "ಆಟೊ ಚಾರ್ಜ್ ಸೇರಿಸಿ ಹೇಳು" ಅನ್ನುತ್ತಾರೆ. ಹೇಳಲಿ, ನನಗೇನು!

ಅತ್ತೆಯ ಜೋಧಪುರದ ಪ್ರಯಾಣ ಮಾತ್ರ ತಮಾಷೆಯ ವಿಷಯವಾಗಿರಲಿಲ್ಲ.

ನಮ್ಮ ಅತ್ತೆ ಗದಗಿನ ಕಡೆಯವರು. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇದ್ದಾರೆ. ಅವರಿಗೆ ಉಳಿದಿರುವ ಒಡಹುಟ್ಟು ಎಂದರೆ ಒಬ್ಬಳೇ ತಂಗಿ. ಆ ಚಿಕ್ಕತ್ತೆ ಇರುವುದು ಜೋಧಪುರದಲ್ಲಿ, ಕೇಂದ್ರ ಸರ್ಕಾರದ ಕೆಲಸದಲ್ಲಿರುವ ಮಗನ ಮನೆಯಲ್ಲಿ. ಅವರು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಆಪರೇಷನ್ ಆಗಿ, ಇನ್ನು ದೂರದ ಪ್ರಯಾಣ ಸಾಧ್ಯವಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಂದರೆ ಇವರು ಹೋದರೆ ಉಂಟು, ಇಲ್ಲದಿದ್ದರೆ ಅಕ್ಕತಂಗಿ ಇನ್ನು ಫೋನಿನಲ್ಲಷ್ಟೇ. ದಿನಾ ಸಂಜೆ ಚಿಕ್ಕತ್ತೆ ಫೋನಿನಲ್ಲಿ, "ಅಕ್ಕಾ, ಒಮ್ಮಿ ಬಂದು ಹೋಗ" ಅನ್ನುವುದು, ಇವರು "ಬರ್ತೀನಿ, ಬರ್ತೀನಿ" ಅನ್ನುತ್ತಾ ಸೆರಗಿನಿಂದ ಮೂಗು ಒರೆಸಿಕೊಳ್ಳುವುದು ನಡೆದೇ ಇತ್ತು.

"ವಿಮಾನದಾಗ ಹೋಗವ್ವ, ನಾ ಟಿಕೆಟ್ ಮಾಡಸ್ತೀನಿ" ಎಂದರು ನಮ್ಮ ಯಜಮಾನರು.

ಅತ್ತೆ ಒಪ್ಪಲಿಲ್ಲ. "ನಮ್ಮ ಅಪ್ಪ ಇಲ್ಲ, ಅವ್ವ ಇಲ್ಲ, ಅಣ್ಣನೂ ಹೋದ. ಆಕಿಗೆ ಈಗ ತವರುಮನಿ ಅಂದ್ರ ನಾನ. ತವರಿನಾಕಿ ಮಗನ ರೊಕ್ಕದಾಗ ಹೋಗ್ತಾಳೇನು? ನನ್ನ ಪೆನ್ಶನ್‌ದಾಗ ಹೋಗಾಕಿ, ಆಕಿಗೆ ಇಳಕಲ್ ಸೀರಿ ಒಯ್ಯಾಕಿ. ಹೋದ್ರ ಹಂಗ, ಇಲ್ಲಾಂದ್ರ ಇಲ್ಲ."

ಅವರು ಹಟ ಹಿಡಿದರೆ ಮುಗಿಯಿತು. ಜೊತೆಗೆ ಹೋಗುವವಳು ನಾನು, ನನ್ನ ಟಿಕೆಟ್‌ನ ದುಡ್ಡೂ ತಾವೇ ಕೊಡುವವರು ಎಂದು ಬೇರೆ ಹೇಳಿದರು. ಹಿರಿಯರಿಗಿದ್ದ ರಿಯಾಯಿತಿಯನ್ನು ರೈಲಿನವರು ಎಂದೋ ತೆಗೆದುಹಾಕಿದ್ದರು. ಸೀರೆಯೂ ಆಗಬೇಕು, ಇಬ್ಬರ ಪ್ರಯಾಣವೂ ಆಗಬೇಕು ಎಂದರೆ ಸ್ಲೀಪರಿನಲ್ಲೇ ಹೋಗಬೇಕು, ಅದರಲ್ಲೂ ಅಗ್ಗದ್ದನ್ನು ಹುಡುಕಬೇಕು. ನನಗೆ ಇನ್ನೇನು ಬೇಕು? ಲಡ್ಡು ಬಂದು ಬಾಯಿಗೆ ಬಿದ್ದಂತಾಯಿತು.

ಜೋಧಪುರದ ಗಾಡಿಗೆ ಸೀಟು ಸಿಗುವುದು ಸುಲಭವಲ್ಲ. ವಿಜಯನಗರ, ರಾಜಾಜಿನಗರದ ಅರ್ಧ ಹಾರ್ಡ್‌ವೇರ್ ಅಂಗಡಿಗಳು, ಬಟ್ಟೆ ಅಂಗಡಿಗಳು ರಾಜಸ್ಥಾನದವರದು. ಅವರ ಮದುವೆ ಕಾಲ ಬಂತೆಂದರೆ ಆ ಗಾಡಿಯಲ್ಲಿ ನೊಣ ಕೂರಲೂ ಜಾಗವಿರುವುದಿಲ್ಲ. ಎರಡು ತಿಂಗಳು ಮುಂಚೆ ಬುಕಿಂಗ್ ತೆರೆಯುವ ಬೆಳಿಗ್ಗೆ ನಾನು ಸ್ನಾನ, ತಿಂಡಿ ಎಲ್ಲ ಬಿಟ್ಟು ಫೋನ್ ಹಿಡಿದು ಕೂತೆ. ತೆರೆದ ಕೂಡಲೇ ಒತ್ತಿದೆ. ಎರಡೂ ಕೆಳಗಿನ ಬರ್ತು! ನೇರ ಗಾಡಿ, ರಾತ್ರಿ ಹತ್ತಿದರೆ ಮೂರನೆಯ ದಿನ ಮಧ್ಯಾಹ್ನ ಇಳಿಯುವುದು, ಎಲ್ಲೂ ಬದಲಾಯಿಸುವಂತಿಲ್ಲ, ಇದಕ್ಕಿಂತ ಕಡಿಮೆಗೆ ಜೋಧಪುರ ಸಿಗುವುದೇ ಇಲ್ಲ. ನಾನು ಅಡುಗೆಮನೆಯಿಂದ ನಡುಮನೆಗೆ ಬಂದು ಒಂದು ಸುತ್ತು ಕುಣಿದೇಬಿಟ್ಟೆ.

ಅತ್ತೆ ನಕ್ಕರು. "ಎರಡು ರಾತ್ರಿ ಏನು?" ಎಂದಷ್ಟೇ ಕೇಳಿದರು.

"ಹೂಂ ಅತ್ತೆ, ಮಲಗಿ ಎದ್ದರೆ ಜೋಧಪುರ" ಎಂದೆ ನಾನು.

"ಆತು ಬಿಡು" ಎಂದರು.

ಆ ವಾರದಿಂದಲೇ ಅತ್ತೆಯ ಊಟ ಏರುಪೇರಾಯಿತು. ಬೆಳಿಗ್ಗೆ ತಿಂಡಿಗೆ ಕರೆದರೆ "ಹಸಿವಿಲ್ಲ" ಅನ್ನುತ್ತಿದ್ದರು. ಮಧ್ಯಾಹ್ನ ಕರೆದರೆ "ಆಮ್ಯಾಲ ನೋಡೂಣು" ಅನ್ನುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದು ಒಂದು ರೊಟ್ಟಿಯ ಜಾಗದಲ್ಲಿ ಮೂರು ರೊಟ್ಟಿ ತಿನ್ನುತ್ತಿದ್ದರು. ಶಿವನೇ, ಇದೇನು ಕಾಯಿಲೆಯಪ್ಪಾ ಎಂದು ನನಗೆ ಗಾಬರಿ. ಜೀರಿಗೆ ಕಷಾಯ ಮಾಡಿಕೊಟ್ಟೆ. ಹೆಸರುಬೇಳೆ ಪಾಯಸ ಮಾಡಿ ಆಸೆ ತೋರಿಸಿದೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ "ನನಗೇನಾಗೇತಿ?" ಎಂದು ನನ್ನ ಮೇಲೆಯೇ ಕಣ್ಣು ಬಿಟ್ಟರು.

ವಿಷಯ ಗೊತ್ತಾದದ್ದು ಫೋನಿನಿಂದ. ಅತ್ತೆ ಯಾವಾಗಲೂ ಸ್ಪೀಕರ್ ಹಾಕಿಕೊಂಡೇ ಮಾತಾಡುವುದು. ಒಂದು ಸಂಜೆ ನಾನು ಮಹಡಿಯ ಮೇಲಿನಿಂದ ಒಣಗಿದ ಬಟ್ಟೆ ತರುತ್ತಿದ್ದಾಗ ಮೆಟ್ಟಿಲವರೆಗೂ ಕೇಳಿಸಿತು.

"ಗಾಡ್ಯಾಗ ಸ್ನಾನ ಎಲ್ಲಿಂದು? ಸ್ನಾನ ಇಲ್ಲದ ಪೂಜಿ ಇಲ್ಲ, ಪೂಜಿ ಇಲ್ಲದ ಊಟ ಇಲ್ಲ" ಅನ್ನುತ್ತಿದ್ದರು ಅತ್ತೆ. "ಅದಕ್ಕ ಈಗಿಂದ ರೂಢಿ ಮಾಡ್ಕೊಳ್ಳಾಕ ಹತ್ತೀನಿ. ಸಂಜೀತನಕ ಇರಾಕ ಬರ್ತೈತಿ. ಮುಂದಿನ ವಾರ ಒಂದು ಪೂರಾ ದಿನ ಇದ್ದು ನೋಡ್ತೀನಿ. ಸೊಸಿಗೆ ಹೇಳಬ್ಯಾಡ. ಪಾಪ, ಟಿಕೆಟ್ ಸಿಕ್ಕಾಗ ಕುಣಿದಾಡಿ ಬಿಟ್ಟಾಳ."

ನಾನು ಬಟ್ಟೆಯ ರಾಶಿ ತಬ್ಬಿಕೊಂಡು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ನಾವೂ ಲಿಂಗ ಕಟ್ಟಿದವರ ಮನೆಯವರೇ. ಆದರೆ ಮಾಗಡಿ ರಸ್ತೆಯ ನಮ್ಮ ತವರಲ್ಲಿ ಪೂಜೆ ಅಂದರೆ ಕಾಫಿ ಆದ ಮೇಲೆ, ಪೇಪರ್ ಓದಿದ ಮೇಲೆ, ಎಲ್ಲರಿಗೂ ಪುರುಸೊತ್ತಾದ ಮೇಲೆ. ಅತ್ತೆಯದು ಹಾಗಲ್ಲ. ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಕೂರುತ್ತಾರೆ. ಅದಾಗುವವರೆಗೆ ನೀರು ಬಿಟ್ಟು ಬೇರೇನೂ ಗಂಟಲಿಗೆ ಇಳಿಯುವುದಿಲ್ಲ. ಸೊಸೆಯಾಗಿ ಬಂದಾಗಿನಿಂದ ದಿನಾ ಕಣ್ಣಾರೆ ನೋಡುತ್ತಿದ್ದೇನೆ. ಆದರೂ ಎರಡು ರಾತ್ರಿಯ ಗಾಡಿ ಹಿಡಿಯುವಾಗ ನನ್ನ ತಲೆಗೆ ಹೊಳೆದದ್ದು ದರ, ಬರ್ತು ಎರಡೇ.

ಸಿಟ್ಟು ನೆತ್ತಿಗೇರಿತು. ಕೆಳಗಿಳಿದು ಬಂದವಳೇ, "ಏನತ್ತೆ ಇದು? ಎಪ್ಪತ್ತು ದಾಟಿದ ಮೇಲೆ ಉಪವಾಸದ ಪ್ರಾಕ್ಟೀಸ್ ಮಾಡ್ತಿದೀರಾ? ನಡುದಾರೀಲಿ ತಲೆ ತಿರುಗಿ ಬಿದ್ರೆ ನಾನೇನು ಮಾಡ್ಲಿ? ನನ್ನ ಹತ್ರ ಒಂದು ಮಾತು ಹೇಳೋಕೆ ಏನಾಗಿತ್ತು?" ಎಂದು ಕೂಗಾಡಿದೆ.

ಅತ್ತೆ ಟೀಚರ ಹಾಗೆಯೇ ಕನ್ನಡಕ ಸರಿಮಾಡಿಕೊಂಡರು. "ಪರೀಕ್ಷಾಕ ಮೊದಲ ಓದಿದ್ರ ಬೈತಾರೇನು ಯಾರಾದ್ರೂ?"

"ಅವ್ವ, ಗಾಡ್ಯಾಗ ಮುಖ ತೊಳಕೊಂಡು ಪೂಜಿ ಮಾಡಿದ್ರ ಆತಪಾ. ಶಿವ ಏನು ಟಿಕೆಟ್ ಚೆಕ್ ಮಾಡಾಕ ಬರ್ತಾನೇನು?" ಎಂದು ನಮ್ಮ ಯಜಮಾನರು ನಡುವೆ ಬಾಯಿ ಹಾಕಿದರು.

"ಆ ಪಾಯಿಖಾನಿ ಬಾಗಲದಾಗ ನಿಂತು ಮುಖ ತೊಳಕೊಂಡು ನಾ ಲಿಂಗ ಮುಟ್ಟಂಗಿಲ್ಲ" ಎಂದರು ಅತ್ತೆ. "ವಿಮಾನದ ಮಾತೂ ಬ್ಯಾಡ. ಎರಡು ದಿನ ಉಪಾಸ ಇದ್ರ ಯಾರೂ ಸಾಯಂಗಿಲ್ಲ."

ನನಗೆ ಆ ರಾತ್ರಿಯ ಅಡುಗೆ ಮಾಡಲೂ ಕೈ ಓಡಲಿಲ್ಲ. ಅವರು ನಿಯಮ ಬಿಡುವುದಿಲ್ಲ, ತಂಗಿಯನ್ನೂ ಬಿಡುವುದಿಲ್ಲ. ಬಿಡಬೇಕಾದದ್ದು ನನ್ನ ಆ ಪ್ರೀತಿಯ ಟಿಕೆಟ್. ದಾರಿಯಲ್ಲಿ ಒಂದು ಕಡೆ ಇಳಿದು, ಸ್ನಾನ ಮಾಡಿ, ಉಂಡು, ಮತ್ತೆ ಹೊರಟರೆ ಆಯಿತು. ಪುಣೆ ಸರಿಯಾಗಿ ನಡುವೆ ಸಿಗುತ್ತದೆ. ಆದರೆ ಪುಣೆಯವರೆಗೊಂದು ಟಿಕೆಟ್, ಅಲ್ಲಿಂದ ಜೋಧಪುರಕ್ಕೊಂದು ಟಿಕೆಟ್ ಎಂದು ಹಾಕಿ ನೋಡಿದರೆ ದರ ಏರಿತು. ರೈಲಿನಲ್ಲಿ ದೂರ ಹೋದಷ್ಟೂ ಕಿಲೋಮೀಟರಿನ ದರ ಇಳಿಯುತ್ತದೆ, ಮುರಿದು ಕೊಂಡರೆ ಎರಡು ಸಲವೂ ಮೇಲಿನಿಂದ ಶುರು. ಹಾಗೆ ಮಾಡಿದರೆ ಅತ್ತೆ ಸೀರೆಯ ದುಡ್ಡಿಗೆ ಕೈ ಹಾಕಬೇಕಾಗುತ್ತಿತ್ತು. ಅವರು ಅದಕ್ಕೂ ಒಪ್ಪುವವರಲ್ಲ.

ಆಗ ನೆನಪಾಯಿತು, ಬ್ರೇಕ್ ಜರ್ನಿ! ದೂರದ ಟಿಕೆಟ್ ಒಂದನ್ನೇ ಕೊಂಡು, ದಾರಿಯ ಊರಲ್ಲಿ ಇಳಿದು, ಒಂದೆರಡು ದಿನ ಇದ್ದು, ಅದೇ ಟಿಕೆಟ್‌ನಲ್ಲಿ ಮುಂದಿನ ಗಾಡಿ ಹತ್ತಬಹುದು. ಹಿಂದೆ ಯಾತ್ರೆಗೆ ಹೋಗುವವರೆಲ್ಲ ಹಾಗೇ ಹೋಗುತ್ತಿದ್ದದ್ದು. ನಾನೂ ಅದರ ಬಗ್ಗೆ ಓದಿದ್ದೆ, ಆದರೆ ಅಗ್ಗದ ಬೇಟೆಯಲ್ಲಿ ಇಳಿಯುವ ಮಾತೇ ಬರುವುದಿಲ್ಲವಲ್ಲ, ಮರೆತೇಹೋಗಿತ್ತು. ಅದು ಫೋನಿನಲ್ಲಿ ಸಿಗುವುದಿಲ್ಲ, ಕೌಂಟರಿಗೇ ಹೋಗಬೇಕು.

ಮರುದಿನ ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ಕೆಂಗೇರಿಗೆ ಹೋದೆ. ಇಳಿದು ರೈಲ್ವೆ ಸ್ಟೇಷನ್ನಿಗೆ ನಡೆದೆ. ಆಟೊ ಹಿಡಿಯಲಿಲ್ಲ, ಮನೆಗೆ ಬಂದು ಅದರ ಮಾತು ಕೇಳುವುದು ಯಾರು? ಕೌಂಟರಿನಲ್ಲಿ ನನ್ನದೇ ವಯಸ್ಸಿನ ಒಬ್ಬ ಹೆಂಗಸು. ಅರ್ಜಿ ನೋಡಿ ತಲೆ ಎತ್ತಿದರು.

"ಪುಣೆಯಲ್ಲಿ ಬ್ರೇಕ್ ಬೇಕಾ ಮೇಡಂ? ಈಗ ಯಾರೂ ಕೇಳೋದೇ ಇಲ್ಲ ಇದನ್ನ. ಏನಾದ್ರೂ ಫಂಕ್ಷನ್ನಾ ಅಲ್ಲಿ?"

"ಇಲ್ಲಮ್ಮ, ನಮ್ಮತ್ತೆ ಸ್ನಾನ ಮಾಡಬೇಕು" ಎಂದೆ.

ಹಿಂದೆ ನಿಂತಿದ್ದ ಒಬ್ಬ ದೊಡ್ಡ ಮನುಷ್ಯ ಗೊಳ್ಳೆಂದು ನಕ್ಕ. "ಸ್ನಾನಕ್ಕೆ ಪುಣೆಗಾ? ಬೇಗ ಆಗ್ಲಿ ಆಂಟಿ, ನಮಗೂ ಕೆಲಸ ಇದೆ."

ನಾನು ತಿರುಗಿ ನೋಡಿದೆ. ಅವನ ತಲೆಯಲ್ಲಿ ನನ್ನದಕ್ಕಿಂತ ಹೆಚ್ಚು ಬಿಳಿ ಕೂದಲು. "ಆಂಟಿ ಯಾರಿಗ್ರೀ ನಾನು? ನಿಮ್ಮಮ್ಮಂಗೆ ಎರಡು ದಿನ ಊಟ ಹಾಕ್ದೆ ರೈಲಲ್ಲಿ ಕೂರಿಸಿ, ಆಮೇಲೆ ಬಂದು ನಗಿ" ಎಂದೆ. ಕೌಂಟರಿನ ಹೆಂಗಸು ತುಟಿಯೊಳಗೇ ನಗುತ್ತಾ ಎರಡೂ ಗಾಡಿಗೆ ಸೀಟು ನೋಡಿ, ಒಂದೇ ದೂರಕ್ಕೆ ದರ ಹಾಕಿ, ಟಿಕೆಟ್ ಕೈಗಿಟ್ಟರು. ಹಳೆಯದನ್ನು ರದ್ದು ಮಾಡಿದಾಗ ಸ್ವಲ್ಪ ದುಡ್ಡು ಹೋಯಿತು. ಆದರೂ ಎರಡು ಟಿಕೆಟ್ ಕೊಂಡದ್ದಕ್ಕಿಂತ ಇದೇ ಅಗ್ಗ, ಸೀರೆಯೂ ಉಳಿಯಿತು. ಆ ಟಿಕೆಟ್ ತೋರಿಸಿದರೆ ಪುಣೆ ಸ್ಟೇಷನ್ನಿನಲ್ಲೇ ತಂಗಲು ಕೋಣೆಯೂ ಕಡಿಮೆಗೆ ಸಿಗುತ್ತದೆ. ಮನೆಗೆ ಬಂದು ಅತ್ತೆಯ ಮುಂದೆ ಟಿಕೆಟ್ ಇಟ್ಟು, "ನಾಳೆಯಿಂದ ಬೆಳಿಗ್ಗೆ ತಿಂಡಿ ತಿನ್ನದಿದ್ರೆ ಇದನ್ನ ಹರಿದು ಹಾಕ್ತೀನಿ" ಎಂದೆ. ಅವರು ಮರುದಿನ ನಾಲ್ಕು ದೋಸೆ ತಿಂದರು.

ಸಂಕ್ರಾಂತಿ ಕಳೆದ ಮೇಲೆ ಹೊರಟೆವು. ಬುತ್ತಿಯೆಂದರೆ ಅದು ಬುತ್ತಿ! ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ನನ್ನ ಕಡೆಯಿಂದ ಪುಳಿಯೋಗರೆ. ಬೆಳಗಿನ ಪೂಜೆ, ಊಟ ಮುಗಿಸಿ ಗಾಡಿ ಹತ್ತಿದ್ದು. ಒಂದು ರಾತ್ರಿ ಕಳೆದು ಬೆಳಗಾಗುವಾಗ ಪುಣೆ. ಸ್ಟೇಷನ್ನಿನ ಮಹಡಿಯ ಮೇಲಿನ ಕೋಣೆಯಲ್ಲಿ ಬಿಸಿನೀರು ಬರುತ್ತಿತ್ತು. ಅತ್ತೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕಿಟಕಿಯ ಪಕ್ಕ ಚಾಪೆ ಹಾಸಿ ಕೂತರು. ಕೆಳಗೆ ಗಾಡಿಗಳ ಕೂಗು, ಮರಾಠಿ ಅನೌನ್ಸ್‌ಮೆಂಟು. ಅವರಿಗೆ ಯಾವುದರ ಪರಿವೆಯೂ ಇಲ್ಲ. ಪೂಜೆ ಮುಗಿಸಿ ರೊಟ್ಟಿ ಮುರಿಯುತ್ತಾ, "ನಿನ್ನ ಟಿಕೆಟ್ ಬಾಳ ಚಲೋ ಐತಿ" ಎಂದರು. ನನ್ನ ಜನ್ಮದಲ್ಲಿ ಯಾವ ಟಿಕೆಟ್‌ಗೂ ನನಗೆ ಇಂಥ ಹೊಗಳಿಕೆ ಸಿಕ್ಕಿರಲಿಲ್ಲ. ಖುಷಿಗೆ ನಾನೂ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಸಂಜೆ ಜೋಧಪುರದ ಗಾಡಿ ಹತ್ತಿದೆವು. ಎದುರಿನ ಸೀಟಿನಲ್ಲಿ ರಾಜಾಜಿನಗರದಲ್ಲಿ ಬಟ್ಟೆ ಅಂಗಡಿ ಇರುವ ಜೈನರ ಮನೆಯ ಅಜ್ಜಿ, ನಮಗಿಂತ ಸೊಗಸಾಗಿ ಕನ್ನಡ ಆಡುತ್ತಿದ್ದರು. ಕತ್ತಲಾದ ಮೇಲೆ ಅತ್ತೆ ಅವರಿಗೆ ರೊಟ್ಟಿ ಕೊಡಹೋದರೆ, "ಸೂರ್ಯ ಮುಳುಗಿದ ಮೇಲೆ ನಾವು ತಿನ್ನಲ್ಲಮ್ಮ" ಎಂದರು. ಬೆಳಿಗ್ಗೆ ಅವರು ಡಬ್ಬಿ ತೆರೆದು ಅತ್ತೆಯ ಮುಂದೆ ಹಿಡಿದರೆ, ಇವರು "ಸ್ನಾನ ಆಗಿಲ್ರೀ" ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಬಹಳ ಮೆಚ್ಚಿಕೊಂಡರು. ಎರಡೂ ಹೊತ್ತು ಎರಡೂ ಡಬ್ಬಿಗೆ ಕೈ ಹಾಕಿದವಳು ನಾನೊಬ್ಬಳೇ.

ಆ ದಿನ ಮಧ್ಯಾಹ್ನಕ್ಕೆ ತಲುಪಬೇಕಿತ್ತು. ಗಾಡಿ ಯಾವುದೋ ಬಯಲಲ್ಲಿ ನಿಂತು, ಮತ್ತೆ ಹೊರಟು, ಮತ್ತೆ ನಿಂತು, ಜೋಧಪುರ ಬರುವಾಗ ಹೊತ್ತು ಇಳಿದಿತ್ತು. ಅತ್ತೆ ಬರೀ ನೀರು ಕುಡಿದುಕೊಂಡೇ ಇದ್ದರು, ಮುಖ ಬಾಡಿತ್ತು, ಆದರೆ ಗಟ್ಟಿಯಾಗಿದ್ದರು. ಚಿಕ್ಕತ್ತೆಯ ಮಗ ಸ್ಟೇಷನ್ನಿಗೆ ಬಂದಿದ್ದ. ಕಾರಿನಲ್ಲಿ ನಾನು, "ಮನೆಗೆ ಫೋನ್ ಮಾಡಿ ಗೀಸರ್ ಹಾಕೋಕೆ ಹೇಳಪ್ಪ. ಅತ್ತೆ ಹೋದ ಕೂಡಲೇ ಸ್ನಾನ ಮಾಡ್ಬೇಕು, ಪೂಜೆ ಆಗ್ಬೇಕು, ಆಮೇಲೆ ಊಟ" ಎಂದು ಅಪ್ಪಣೆ ಮಾಡಿದೆ. ಎಲ್ಲ ನನ್ನ ಲೆಕ್ಕದ ಪ್ರಕಾರವೇ ನಡೆಯುತ್ತಿತ್ತು.

ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಚಿಕ್ಕತ್ತೆ ಕೂತಿದ್ದರು. ಪಕ್ಕದಲ್ಲಿ ವಾಕರ್. ಅಕ್ಕನನ್ನು ನೋಡಿ ಏಳಲು ಹೋದರು, ಕೈ ನಡುಗಿ ಮತ್ತೆ ಕೂತರು. ಅತ್ತೆ ಚಪ್ಪಲಿಯನ್ನೂ ಬಿಡದೆ ಓಡಿ ಹೋಗಿ ಹಿಡಿದುಕೊಂಡರು. ಇಬ್ಬರೂ ಅತ್ತರು, ನಾನೂ ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

"ಯಾಕ ಹಿಂಗ ನಡಗಾಕ ಹತ್ತೀ?" ಎಂದು ಅತ್ತೆ ತಂಗಿಯ ಗಲ್ಲ ಹಿಡಿದು ಕೇಳಿದರು.

ಮಗ ನಮ್ಮ ಬ್ಯಾಗುಗಳನ್ನು ಕೆಳಗಿಟ್ಟ. "ನೀವ ಹೇಳ್ರಿ ದೊಡ್ಡವ್ವ. ಬೆಳಗಿನಿಂದ ಏನೂ ತಿಂದಿಲ್ಲ. ಶುಗರ್ ಐತಿ, ಗುಳಿಗಿ ನುಂಗಬೇಕು. ಅಕ್ಕ ಗಾಡ್ಯಾಗ ಉಪಾಸ ಬರಾಕ ಹತ್ತಾಳ, ನಾ ಹೆಂಗ ಉಣ್ಣಲಿ ಅಂತ ಒಂದೇ ಹಟ."

"ನೀ ಸ್ನಾನ ಮಾಡ್ಕೊಂಡು, ಪೂಜಿ ಮುಗಿಸಿ ಬಾ ಅಕ್ಕಾ" ಎಂದರು ಚಿಕ್ಕತ್ತೆ. "ಇಷ್ಟು ಹೊತ್ತು ಕುಂತೀನಿ, ಇನ್ನೊಂದು ತಾಸು ಕುಂತ್ರ ಏನಾಗಂಗಿಲ್ಲ. ಕೂಡೇ ಉಣ್ಣೂಣು."

ನಾನು ಅತ್ತೆಯ ಟವೆಲ್ಲು, ಮಡಿಸೀರೆ ತೆಗೆದುಕೊಂಡು ಬಚ್ಚಲ ಬಾಗಿಲಲ್ಲಿ ಸಿದ್ಧವಾಗಿ ನಿಂತೆ. ಅತ್ತೆ ಬಚ್ಚಲ ಕಡೆ ಬರಲಿಲ್ಲ. ಅಂಗಳದ ನಲ್ಲಿಯಲ್ಲಿ ಕೈ ತೊಳೆದರು, ಊಟದ ಮೇಜಿನ ಮೇಲಿದ್ದ ತಟ್ಟೆಯ ಮುಚ್ಚಳ ತೆಗೆದರು, ಸಜ್ಜೆ ರೊಟ್ಟಿ ಮುರಿದು ಬೆಣ್ಣೆ ಹಚ್ಚಿ ತಂಗಿಯ ಬಾಯಿಗೆ ಹಿಡಿದರು. ಚಿಕ್ಕತ್ತೆ ತುಟಿ ಬಿಗಿಹಿಡಿದು ತಲೆ ಆಡಿಸಿದರು. ಅತ್ತೆ ಒಂದು ಗಳಿಗೆ ಅವರನ್ನೇ ನೋಡಿದರು. ಆಮೇಲೆ ಆ ತುತ್ತನ್ನು ತಮ್ಮ ಬಾಯಿಗೆ ಇಟ್ಟುಕೊಂಡು ಅಗಿದರು.

"ನೋಡು, ಉಂಡೆ. ಈಗ ಬಾಯಿ ತಗಿ" ಎಂದು ಎರಡನೆಯ ತುತ್ತನ್ನು ತಂಗಿಯ ಬಾಯಿಗೆ ಹಾಕಿದರು.

ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅತ್ತೆಯ ಮೈಮೇಲೆ ಒಂದು ರಾತ್ರಿ, ಒಂದು ಹಗಲಿನ ರೈಲಿನ ಧೂಳು, ಹಣೆಯಲ್ಲಿ ಅಳಿಸಿಹೋದ ವಿಭೂತಿ. ಇಷ್ಟು ವರ್ಷದ ಸೊಸೆತನದಲ್ಲಿ, ಜ್ವರದಲ್ಲೂ, ಸಾವಿನ ಮನೆಯಲ್ಲೂ, ಪೂಜೆಗೆ ಮುಂಚೆ ಅವರ ಬಾಯಿಗೆ ಅನ್ನ ಹೋದದ್ದನ್ನು ನಾನು ನೋಡಿರಲಿಲ್ಲ. ಈ ಒಂದು ತುತ್ತನ್ನು ತಪ್ಪಿಸಲಿಕ್ಕೆ ತಾನೇ ನಾನು ಕೆಂಗೇರಿಗೆ ಅಲೆದದ್ದು, ಸಾಲಿನಲ್ಲಿ ಜಗಳವಾಡಿದ್ದು, ಪುಣೆಯಲ್ಲಿ ಇಳಿದದ್ದು? ಸಿಟ್ಟು ಬರಬೇಕಿತ್ತು. ಬರಲೇ ಇಲ್ಲ.

ಅತ್ತೆ ತಿರುಗಿ ನನ್ನನ್ನು ನೋಡಿದರು. "ಅಲ್ಲೇನು ಟವೆಲ್ ಹಿಡ್ಕೊಂಡು ನಿಂತಿ? ಪೂಜಿ ಆಮ್ಯಾಲ ಮಾಡ್ತೀನಿ, ಶಿವ ಕಾಯ್ತಾನ. ಇಕಿ ಕಾಯಂಗಿಲ್ಲ. ಬಾ, ನೀನೂ ಕೂಡು."

ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ. ಅತ್ತೆ ಮೂರನೆಯ ತುತ್ತನ್ನು ನನ್ನ ಬಾಯಿಗೆ ಹಾಕಿದರು.